ಯಾರು ಉಂಡರು

ಶೇಷಮ್ಮನಿಗೆ ಚಂದ್ರನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಅವಳು ಆಡಿದ ಮಾತು ಕೇಳಿದವರೆಲ್ಲ ಈ ಹೆಂಗಸಿಗೂ ಚಂದ್ರನಿಗೂ ಗದ್ದೆ ಬದುವಿನ ತಕರಾರೇನಾದರೂ ಇದೆಯೋ ಏನೋ ಎಂದುಕೊಂಡರು. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಮೇಘನಾಳನ್ನು ಕಂಡು. ಮೇಘನಾ ಅವಳ ವಾರಗಿತ್ತಿ, ಮೈದುನ ನಾಗೇಶನ ಹೆಂಡತಿ. ಶಿಕಾರಿಪುರದ ಕಡೆ ತಾಳಗುಂದದಿಂದ ಒಂಬತ್ತು ವರ್ಷದ ಹಿಂದೆ ಸೊರಬ ತಾಲ್ಲೂಕಿನ ಕುಬಟೂರಿನ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದವಳು.

ಆ ಹೊಟ್ಟೆಕಿಚ್ಚಿಗೆ ಕಾರಣ ಇಲ್ಲದಿರಲಿಲ್ಲ. ಕುಬಟೂರಿನ ಆಚೀಚೆ ಹತ್ತು ಊರಿಗೆ ಭೂಮಣ್ಣಿ ಬುಟ್ಟಿ ಎಂದರೆ ಶೇಷಮ್ಮನ ಬುಟ್ಟಿ ಎಂದೇ ಲೆಕ್ಕ. ಅಲ್ಲಿ ಭತ್ತ ಹೊಡೆ ತುಂಬುವ ಹೊತ್ತಿಗೆ ಭೂಮಿ ಹುಣ್ಣಿಮೆ ಬರುತ್ತದೆ. ಭೂಮಿ ಆಗ ತುಂಬಿದ ಬಸುರಿ. ಬಸುರಿಗೆ ಬಯಕೆ ತೀರಿಸುವ ಹಾಗೆ ಕಡುಬು, ಅನ್ನ, ನೂರೆಂಟು ಬಗೆಯ ಸೊಪ್ಪಿನ ಪಲ್ಯ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಒಯ್ಯುತ್ತಾರೆ. ಆ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಚಿತ್ತಾರ ಬರೆಯಬೇಕು. ಏಣಿ, ಭತ್ತದ ಸಸಿ, ಜೋಡೆತ್ತು, ಸೂರ್ಯ ಚಂದ್ರ. ಶೇಷಮ್ಮ ಉಸಿರು ಹಿಡಿದು ಒಂದೇ ಎಳೆತಕ್ಕೆ ಗೆರೆ ಎಳೆಯುತ್ತಿದ್ದಳು. ಮೂವತ್ತೊಂದು ವರ್ಷ ಆ ಮನೆಯ ದೊಡ್ಡ ಬುಟ್ಟಿ ಬರೆದವಳು ಅವಳೇ. ಮೇಘನಾಳ ಕೈಗೆ ಕುಂಚ ಕೊಟ್ಟವಳೂ ಅವಳೇ. ಗುರುವಿಗೆ ತಿರುಮಂತ್ರ ಹಾಕುವವರು ಬೇರೆ ಊರಿಂದಲೇ ಬರಬೇಕೆ, ಅಡುಗೆಮನೆಯಲ್ಲೇ ಬೆಳೆಯುತ್ತಾರೆ.

ಚಂದ್ರನ ಮೇಲೆ ನಮ್ಮ ದೇಶದ ಗಾಡಿ ಇಳಿದ ವರ್ಷ ಇದಾದದ್ದು. ಇಳಿದು ಎರಡು ತಿಂಗಳಿಗೆ ಭೂಮಿ ಹುಣ್ಣಿಮೆ ಬಂತು. ಸಣ್ಣ ಬುಟ್ಟಿ ಮೇಘನಾಳ ಪಾಲಿಗೆ ಬಂದಿತ್ತು. ಅವಳು ಸೂರ್ಯನನ್ನು ಎಂದಿನಂತೆ ಬರೆದಳು. ಚಂದ್ರನನ್ನೂ ಬರೆದಳು. ಆಮೇಲೆ ಚಂದ್ರನ ಹೊಟ್ಟೆಯೊಳಗೆ ನಾಲ್ಕು ಕಾಲಿನ ಒಂದು ಮಂಟಪ, ಅದರ ಮುಂದೆ ಇಳಿಜಾರಿನ ಹಲಗೆ, ಹಲಗೆಯ ಕೆಳಗೆ ಆರು ಚಕ್ರದ ಪುಟ್ಟ ಗಾಡಿ, ಗಾಡಿಯ ಹಿಂದೆ ಎರಡು ಸಾಲು ಚಕ್ರದ ಗುರುತು. ಎಲ್ಲವೂ ಅದೇ ಏಣಿ, ಅದೇ ಜಡೆ, ಅದೇ ಚುಕ್ಕಿಯ ಕ್ರಮದಲ್ಲೇ. ಚಿತ್ತಾರದ ನೇಮ ಎಲ್ಲೂ ತಪ್ಪಿರಲಿಲ್ಲ.

ಶೇಷಮ್ಮ ಅದನ್ನು ನಡುಮನೆಯಲ್ಲಿ ಕಂಡು ಬಗ್ಗಿ ನೋಡಿದಳು. ತಪ್ಪು ಹುಡುಕಿದಳು. ಗೆರೆ ಎಲ್ಲಾದರೂ ನಡುಗಿದೆಯೇ, ಚಕ್ರ ಎಲ್ಲಾದರೂ ಸೊಟ್ಟಗಾಗಿದೆಯೇ ಎಂದು ಬೆಳಕಿಗೆ ಹಿಡಿದು ತಿರುಗಿಸಿದಳು. ಇರಲಿಲ್ಲ. ಗೆರೆ ಚೆನ್ನಾಗಿತ್ತು. ತನ್ನದಕ್ಕಿಂತ ಚೆನ್ನಾಗಿತ್ತು. ತಡೆದುಕೊಳ್ಳಲು ಆಗದೆ ಇದ್ದದ್ದು ಅದೊಂದೇ. ಕೆಟ್ಟದಾಗಿದ್ದರೆ ತಾನೇ ಕುಳಿತು ತಿದ್ದಿಕೊಟ್ಟು, ಅಕ್ಕನಂಥ ಅಕ್ಕ ಎನಿಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಮಾವ ಹುಚ್ಚರಾಯಪ್ಪ ಬಂದರು. ಎಂಬತ್ತು ದಾಟಿದ ಮುದುಕರು, ಕಣ್ಣು ಮಂಜು. ಆದರೂ ಎರಡೂ ಬುಟ್ಟಿ ಹತ್ತಿರ ಹಿಡಿದು ನೋಡಿ, "ಈ ಸಲ ಪೂಜೆಗೆ ಮುಂದೆ ಇದೇ ಬುಟ್ಟಿ ಇರ್ಲಿ" ಎಂದು ಮೇಘನಾಳದ್ದನ್ನು ಮುಟ್ಟಿದರು. ಶೇಷಮ್ಮ "ಆಯ್ತು ಮಾವ" ಎಂದಳು. ಆ ವರ್ಷ ಅವಳು ಮಾಡಿದ ಕಡುಬಿಗೆ ಉಪ್ಪು ಬಿದ್ದಿರಲಿಲ್ಲ.

ನಾಗೇಶ ಬುಟ್ಟಿಯ ಫೋಟೊ ತೆಗೆದು ಮೊಬೈಲಿನಲ್ಲಿ ಹಾಕಿದ. ಅದು ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಹೋಗಿ, ಅಲ್ಲಿಂದ ಎಲ್ಲೆಲ್ಲೋ ಸುತ್ತಿತು. ಮುಂದಿನ ಆಗಸ್ಟಿನಲ್ಲಿ ಚಂದ್ರನ ಮೇಲೆ ಇಳಿದ ದಿನದ ನೆನಪಿಗೆ ಸೊರಬದಲ್ಲಿ ಒಂದು ಕಾರ್ಯಕ್ರಮ ಇಟ್ಟವರು ಮೇಘನಾಳನ್ನು ಬುಟ್ಟಿಯೊಂದಿಗೆ ಕರೆದರು. ಮೇಘನಾ, "ಅಕ್ಕಾರೂ ಬರಬೇಕ್ರಿ, ಕಲಿಸಿದೋರು ಅವರು" ಎಂದು ಹಟ ಹಿಡಿದಳು. ಶೇಷಮ್ಮನಿಗೆ ಇದೂ ಸಿಟ್ಟು ತರಿಸಿತು. ದೊಡ್ಡವರ ಮೆರವಣಿಗೆಯಲ್ಲಿ ಕೊಡೆ ಹಿಡಿಯಲು ಕರೆದಂತಾಯಿತು ಎಂದು ಗೊಣಗಿದಳು. ಆದರೂ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು ಹೊರಟಳು.

ವೇದಿಕೆಯ ಮೇಲೆ ಮೂರನೇ ಕುರ್ಚಿ ಶೇಷಮ್ಮನದು. ಕಾರ್ಯಕ್ರಮ ನಡೆಸುತ್ತಿದ್ದವರು ಶ್ರೀನಾಥ ಎಂಬ ಭೌತಶಾಸ್ತ್ರದ ಉಪನ್ಯಾಸಕರು. ಅವರು ಬುಟ್ಟಿಯನ್ನು ಎತ್ತಿ ತೋರಿಸಿದಾಗ ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಮೇಘನಾ ಮೈಕಿನ ಮುಂದೆ ನಿಂತು, ಅಳುಕಿಲ್ಲದೆ, ಮನೆಯಲ್ಲಿ ಮಾತಾಡಿದಂತೆಯೇ ಮಾತಾಡಿದಳು.

"ಆ ಗಾಡ್ಯಾಗ ಮನುಷ್ಯರು ಯಾರೂ ಇರ್ಲಿಲ್ಲ. ಇಲ್ಲಿಂದ ಹೇಳಿದ್ದು ಅಲ್ಲಿ ಕೇಳ್ತು, ಅಷ್ಟೆ. ಅಲ್ಲಿಯ ಒಂದು ಹಗಲು ಅಂದ್ರ ನಮಗ ಹದಿನಾಲ್ಕು ದಿನ. ಅದು ಮುಗಿಯೋದ್ರಾಗ ಓಡಾಡಿ, ಮಣ್ಣು ನೋಡಿ, ಇದ್ರಾಗ ಗಂಧಕ ಐತಿ ಅಂತ ಹೇಳಿ ಮಲಗ್ತು. ಖರ್ಚು ಆರುನೂರು ಚಿಲ್ರೆ ಕೋಟಿ ಅಂತಾರ. ದೇಶದ ತಲಿಗೆ ಹಂಚಿದ್ರ ಒಬ್ಬೊಬ್ಬರಿಗೆ ನಾಕೂವರಿ ರೂಪಾಯಿ. ಅರ್ಧ ಕಪ್ಪು ಚಾ."

ಮತ್ತೆ ಚಪ್ಪಾಳೆ. ಶ್ರೀನಾಥ ಅವರಿಗೆ ಸಭೆಯನ್ನು ಸ್ವಲ್ಪ ಬಿಸಿ ಮಾಡುವ ಆಸೆ ಬಂತು. "ಇದು ಸಾರ್ವಜನಿಕರ ದುಡ್ಡು. ಸಾರ್ವಜನಿಕರು ಏನಂತಾರೆ ಅಂತಾನೂ ಕೇಳ್ಬೇಕಲ್ಲ" ಎಂದು ಮೈಕನ್ನು ಶೇಷಮ್ಮನ ಕೈಗೆ ಕೊಟ್ಟರು.

ಶೇಷಮ್ಮ ಹುಟ್ಟಿದ ಮೇಲೆ ಮೈಕು ಹಿಡಿದದ್ದು ಅದೇ ಮೊದಲು. ಆದರೆ ಹತ್ತು ತಿಂಗಳು ಒಳಗೇ ಕುದ್ದದ್ದು ಉಕ್ಕಲು ಮೈಕು ಒಂದು ನೆಪ.

"ಗಂಧಕ ನೋಡೋಕೆ ಅಷ್ಟು ದೂರ ಎಂತಕ್ಕೆ ಹೋಗ್ಬೇಕಿತ್ತು? ಸೊರಬದ ಗೊಬ್ಬರದ ಅಂಗಡೀಲೇ ಸಿಗ್ತದೆ, ಕಿಲೋ ಲೆಕ್ಕದಲ್ಲಿ" ಎಂದಳು.

ಸಭೆ ಘೊಳ್ಳೆಂದಿತು. ಆ ನಗು ಕೇಳಿ ಅವಳ ಬೆನ್ನು ನೆಟ್ಟಗಾಯಿತು.

"ನಮ್ಮೂರ ಹಳ್ಳ ದಾಟೋಕೊಂದು ಕಾಲುಸಂಕ ಹಾಕ್ಕೊಡಿ ಅಂತ ಹನ್ನೊಂದು ವರ್ಷದಿಂದ ಅರ್ಜಿ ಕೊಡ್ತಾ ಇದೀವಿ. ಮಳೆಗಾಲದಲ್ಲಿ ಮಕ್ಕಳನ್ನ ಸೊಂಟದ ಮೇಲೆ ಕೂರಿಸ್ಕಂಡು ದಾಟಿಸ್ತೀವಿ. ನಾಕೂವರೆ ರೂಪಾಯಿ ಅಂತಾಳೆ ಇವ್ಳು. ಹಂಗಾರೆ ನನ್ನ ನಾಕೂವರೆ ರೂಪಾಯಿ ನಂಗೆ ವಾಪಸ್ ಕೊಡ್ಲಿ, ಸಂಕಕ್ಕೆ ಹಾಕ್ತೀನಿ. ಅಷ್ಟು ದುಡ್ಡು ತಗಂಡು ಹೋಗಿ ಅಲ್ಲಿ ಸುರಿದು ಬಂದ್ರಲ್ಲ, ಯಾರು ಉಂಡ್ರು?"

ಮೇಘನಾಳಿಗೆ ಬಿದ್ದದ್ದಕ್ಕಿಂತ ದೊಡ್ಡ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೆಲವರು ಎದ್ದು ನಿಂತರು. ಮಾತು ಸುಳ್ಳಲ್ಲ ನೋಡಿ. ಹಳ್ಳ ನಿಜ, ಅರ್ಜಿ ನಿಜ, ಸೊಂಟದ ಮೇಲಿನ ಮಕ್ಕಳೂ ನಿಜ. ಆ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳುವವರು ಈ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆ, ಕೇಳಲೂಬೇಕು. ಆದರೆ ಶೇಷಮ್ಮ ಕೇಳಿದ್ದು ಸಂಕಕ್ಕಾಗಿ ಆಗಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಹಿತವಾಗಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಮೇಘನಾ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಅಕ್ಕಾ, ಚಲೋ ಮಾತಾಡಿದ್ರಿ. ನಾ ಇಷ್ಟು ಚಂದ ಮಾತಾಡಂಗಿಲ್ಲ" ಎಂದಳು. ಕುಹಕವಿರಲಿಲ್ಲ. ಶೇಷಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕುಹಕವಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು.

ಆ ಮಾತಿನ ವಿಡಿಯೊ ಬುಟ್ಟಿಯ ಫೋಟೊಗಿಂತ ಜೋರಾಗಿ ಓಡಿತು. ಸಂತೆಯಲ್ಲಿ, ಹಾಲಿನ ಡೈರಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಜನ ಅವಳನ್ನು ಕಂಡರೆ, "ಶೇಷಕ್ಕಾ, ಯಾರು ಉಂಡ್ರು?" ಎಂದು ಕೇಳುವುದು, ಅವಳು ತಲೆಯಾಡಿಸಿ ನಗುವುದು ಶುರುವಾಯಿತು. ಮೂವತ್ತೊಂದು ವರ್ಷ ಬುಟ್ಟಿ ಬರೆದರೂ ಸಿಗದ ಹೆಸರು ಎರಡು ಮಾತಿಗೆ ಸಿಕ್ಕಿತು. ಅವಳು ಆ ಮಾತನ್ನು ಎಲ್ಲಿ ಬೇಕಾದರೂ ತೆಗೆಯತೊಡಗಿದಳು. ಟಿವಿಯಲ್ಲಿ ಇನ್ನೊಂದು ಯಂತ್ರ ಹಾರಿಸುತ್ತಾರೆ ಎಂದರೆ ಯಾರು ಉಂಡ್ರು. ನಾಗೇಶ ಹೆಂಡತಿಗೆ ಹೊಸ ಕುಂಚ ತಂದುಕೊಟ್ಟರೆ ಯಾರು ಉಂಡ್ರು. ಮೇಘನಾ ಏನೋ ಹೇಳಲು ಬಾಯಿ ತೆರೆದದ್ದು ಎರಡು ಮೂರು ಸಲ ಕಂಡರೂ ಶೇಷಮ್ಮ ನಿಲ್ಲದೆ ಹಿತ್ತಲಿಗೆ ನಡೆದುಬಿಡುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಗ್ರಾಮಸಭೆ ಕರೆದರು. ಶೇಷಮ್ಮ ಮೊದಲೆಲ್ಲ ಗ್ರಾಮಸಭೆಯ ಕಡೆ ತಲೆ ಹಾಕಿದವಳಲ್ಲ. ಈಗ ಜನ ಅವಳಿಗಾಗಿ ಮುಂದಿನ ಸಾಲಿನಲ್ಲಿ ಜಾಗ ಬಿಟ್ಟರು. ಅಧ್ಯಕ್ಷ ಮಲ್ಲಿಕಾರ್ಜುನಪ್ಪ ನಮಸ್ಕಾರ ಮಾಡಿದರು. ಮೇಘನಾ ಗೋಡೆಯ ಪಕ್ಕ ಹೆಂಗಸರ ನಡುವೆ ಕುಳಿತಿದ್ದಳು.

ಪಂಚಾಯಿತಿಯ ಅಧಿಕಾರಿ ಹೇಮಂತ್ ಎಂಬ ಚಿಕ್ಕ ವಯಸ್ಸಿನವನು. ವಿಷಯಗಳನ್ನು ಒಂದೊಂದಾಗಿ ಓದುತ್ತ ಬಂದ. ನೀರಿನ ಟ್ಯಾಂಕು ಆಯಿತು, ಬೀದಿ ದೀಪ ಆಯಿತು. ಐದನೆಯದಕ್ಕೆ ಬಂದು, "ಹಳೇ ಅಂಗನವಾಡಿ ಕಟ್ಟಡದ ಒಂದು ಕೋಣೆ ದುರಸ್ತಿ ಮಾಡಿಸಿ, ಊರಿನ ಹೆಣ್ಣುಮಕ್ಕಳಿಗೆ ಬುಟ್ಟಿ ಚಿತ್ತಾರ ಕಲಿಸುವ ಕೇಂದ್ರ ತೆರೆಯುವುದು. ಕಲಿಸುವವರಿಗೆ ಒಂದು ವರ್ಷದ ಗೌರವಧನ. ಅರ್ಜಿದಾರರು ಮೇಘನಾ ಕೋಂ ನಾಗೇಶ್" ಎಂದು ಓದಿ ತಲೆ ಎತ್ತಿದ.

ಶೇಷಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹಾಗಾದರೆ ಇಷ್ಟು ದಿನ ಒಳಗೊಳಗೇ ನಡೆದದ್ದು ಇದು. ಬುಟ್ಟಿ ಹೋಯಿತು, ಮಾವನ ಮಾತು ಹೋಯಿತು, ಇನ್ನು ಕಲಿಸುವ ಪಟ್ಟವೂ ಅವಳಿಗೇ. ಊರಿನ ಮಕ್ಕಳೆಲ್ಲ ನಾಳೆಯಿಂದ ಅವಳನ್ನು ಟೀಚರ್ ಎನ್ನುತ್ತಾರೆ. ಕಲಿಸಿದವಳು ಒಲೆಯ ಮುಂದೆ ಹೊಗೆ ಊದುತ್ತ ಕೂತಿರಬೇಕು. ಅವಳು ಎದ್ದಳು.

"ಅಧ್ಯಕ್ಷರೆ, ಇದು ಜನರ ದುಡ್ಡು. ಕಾಲುಸಂಕಕ್ಕೆ ದುಡ್ಡಿಲ್ಲ ಅಂತ ಹೇಳ್ತಾ ಬಂದ್ರಿ. ಈಗ ಗೆರೆ ಎಳೆಯೋಕೆ ದುಡ್ಡಿದೆಯಾ? ಬುಟ್ಟಿ ಬರೆಯೋದು ಮನೇಲಿ ಅತ್ತೆ ಸೊಸೆಗೆ ಕಲಿಸೋದು. ಅದಕ್ಕೆ ಕೋಣೆ, ಗೌರವಧನ ಎಂತಕ್ಕೆ? ಯಾರು ಉಂಡ್ರು?"

ಸಭೆ ಕಾಯುತ್ತಿದ್ದದ್ದೇ ಆ ಮಾತಿಗೆ. ನಗು, ಶಿಳ್ಳೆ, ಹೌದು ಹೌದು ಎನ್ನುವ ಕೂಗು. ಮೇಘನಾ ಗೋಡೆಯ ಬದಿಯಿಂದ ಎದ್ದು ನಿಂತಳು. "ಅಕ್ಕಾ, ಒಂದು ಮಾತು ಕೇಳ್ರಿ. ಅಲ್ಲಿ ಕಲಿಸೋರು ಯಾರಂದ್ರ—"

"ಯಾರಾದ್ರೆ ನಂಗೆಂತ" ಎಂದು ಶೇಷಮ್ಮ ಅವಳ ಬಾಯಿ ಮುಚ್ಚಿಸಿದಳು. "ಯಾರಾದ್ರೂ ದುಡ್ಡು ದುಡ್ಡೇ."

ಮೇಘನಾ ಹೇಳಬೇಕಾದ ಹೆಸರನ್ನು ನುಂಗಿಕೊಂಡು, ಅಕ್ಕನನ್ನು ಬಿಟ್ಟು ಸಭೆಯ ಕಡೆ ತಿರುಗಿದಳು.

"ನಾ ಈ ಊರಿಗೆ ಬಂದ ಮೊದಲನೇ ವರ್ಷ. ನಮ್ಮ ಕಡೆನೂ ಇದೇ ಹುಣ್ಣಿವಿಗೆ, ಸೀಗಿ ಹುಣ್ಣಿವಿ ಅಂತೀವಿ ನಾವು, ಹೊಲಕ್ಕ ಚರಗ ಅಂತ ಅನ್ನ ಚೆಲ್ತೀವಿ, ಆದ್ರ ಒಂದು ಮುಷ್ಟಿ, ಎರಡು ಮುಷ್ಟಿ. ಇಲ್ಲಿ ನೋಡಿದ್ರ ಬುಟ್ಟಿಗಟ್ಲೆ. ಎರಡು ದಿನ ನಿದ್ದಿಗೆಟ್ಟು ಮಾಡಿದ ಕಡುಬು, ಪಲ್ಯ ಎಲ್ಲಾ ಗದ್ಯಾಗ ಬೀರಿಬಿಟ್ರು. ಇದನ್ನ ಯಾರು ಉಣ್ತಾರಕ್ಕಾ ಅಂತ ಕೇಳ್ದೆ. ಅಕ್ಕ ಏನಂದ್ರು ಗೊತ್ತೇನ್ರಿ? ಉಣ್ಸೋ ಕೈ ಯಾರು ಉಂಡ್ರು ಅಂತ ಕೇಳ್ಬಾರ್ದು. ಇಲಿ ತಿನ್ಲಿ, ಹಕ್ಕಿ ತಿನ್ಲಿ, ಮಣ್ಣೇ ತಿನ್ಲಿ. ಇಲ್ಲಿ ಹಾಕಿದ್ದು ನಾಳೆ ಎಲ್ಲಿ ಏಳ್ತದೆ ಅಂತ ಇವತ್ತೇ ತಿಳಿಯೋದಿಲ್ಲ. ಹಂಗಂದ್ರು."

ನಗು ನಿಂತಿತ್ತು. ಬಾಗಿಲ ಹತ್ತಿರ ನಿಂತವರು ಒಳಗೆ ಬಂದರು.

"ಚಂದ್ರನ ಗಾಡಿ ಬರಿಯೋವಾಗ ನನ್ನ ಮನಸ್ನಾಗ ಇದ್ದದ್ದು ಅದೇ ಮಾತು. ಸಂಕ ಆಗ್ಬೇಕು, ಯಾರು ಬ್ಯಾಡ ಅಂತಾರ? ನಾನೂ ಅದೇ ಹಳ್ಳ ದಾಟಾಕಿ. ಆದ್ರ ಸಂಕ ಆಗೋತನಕ ಬ್ಯಾರೆ ಏನೂ ಮಾಡ್ಬಾರ್ದು ಅಂದ್ರ ನಾವು ಹುಣ್ಣಿಮಿನೂ ಮಾಡಂಗಿಲ್ಲ. ಚಂದ್ರನ ಮಣ್ಣಿಗೆ ಇವತ್ತು ಚೆಲ್ಲಿದ್ದು ಯಾರ ಮೊಮ್ಮಕ್ಕಳಿಗೆ ಏಳ್ತದೋ. ಈ ಕಲಿಸೋ ಕ್ವಾಣಿನೂ ಅಷ್ಟ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಸಭೆ ಹೊರಳಿತು ಎನ್ನುವುದು ಶೇಷಮ್ಮನಿಗೆ ಬೆನ್ನ ಹಿಂದಿನಿಂದಲೇ ತಿಳಿಯಿತು. ವಯಸ್ಸಾದ ಹೆಂಗಸರು ತಲೆದೂಗುತ್ತಿದ್ದರು. ಮಲ್ಲಿಕಾರ್ಜುನಪ್ಪ ಕನ್ನಡಕ ತೆಗೆದು ಒರೆಸಿ, "ಹೌದನಾ ಶೇಷಕ್ಕಾ? ನೀವು ಹಂಗೆ ಹೇಳಿದ್ರಾ? ಅಂಥಾ ಮಾತು ನಿಮ್ಮ ಬಾಯಲ್ಲೇ ಬಂದಿದ್ರೆ ನಾವು ಬ್ಯಾಡ ಅನ್ನೋದು ಹೆಂಗೆ? ಕೈ ಎತ್ತಿಸಿ ಪಾಸು ಮಾಡ್ಬಿಡ್ತೀವಿ" ಎಂದರು.

ಅವಳಿಗೆ ನೆನಪಿತ್ತು. ಬಹಳ ಚೆನ್ನಾಗಿ ನೆನಪಿತ್ತು. ಬೆಳಗಿನ ಮಂಜು, ಕಾಲಿಗಂಟಿದ ಕೆಸರು, ಹೊಸ ಸೊಸೆಯ ಕೈಯಲ್ಲಿ ಒಂದು ಕಡುಬು. ಎಸೆಯಲು ಮನಸ್ಸಿಲ್ಲದೆ ಹಿಡಿದುಕೊಂಡೇ ನಿಂತಿದ್ದಳು ಹುಡುಗಿ. ಆ ಕೈ ಹಿಡಿದು ಎಸೆಯಿಸಿ ಶೇಷಮ್ಮ ಆಡಿದ ಮಾತೇ ಅದು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅತ್ತೆ ತನಗೆ ಹೇಳಿದ್ದನ್ನು ಅವಳಿಗೆ ದಾಟಿಸಿದ್ದಳು. ಒಂಬತ್ತು ವರ್ಷ ಈ ಹುಡುಗಿ ಅದನ್ನು ಜೋಪಾನ ಮಾಡಿ ಇಟ್ಟುಕೊಂಡಿದ್ದಾಳೆ. ಆ ಬುಟ್ಟಿ, ಆ ಚಂದ್ರ, ಆ ಆರು ಚಕ್ರ ಎಲ್ಲ ಅಲ್ಲಿಂದಲೇ ಬಂದದ್ದು.

ಎದೆ ಕರಗಬೇಕಿತ್ತು. ಕರಗಲಿಲ್ಲ, ಇನ್ನೂ ಉರಿಯಿತು. ತನ್ನದೇ ಮಾತು, ಅದನ್ನು ತಾನು ಸಭೆಯಲ್ಲಿ ಆಡಬಹುದಿತ್ತು, ಆಡಲಿಲ್ಲ. ತಾನು ಆಡಿದ್ದು ಕುಚೋದ್ಯ. ತನ್ನ ಒಳ್ಳೆಯ ಮಾತನ್ನೂ ಇವಳೇ ಎತ್ತಿ ಆಡಿ ಗೆದ್ದಳು. ಗೆದ್ದು ಅಕ್ಕನ ಪಾದಕ್ಕೆ ಇಟ್ಟಳು. ಹೌದು ಎಂದರೆ ಕೋಣೆ ಇವಳಿಗೆ, ಹೆಸರು ಇವಳಿಗೆ, ನಾಳೆ ಸಂತೆಯಲ್ಲಿ ಜನ ಕೇಳುವುದೂ ಇವಳನ್ನೇ.

"ಇಲ್ಲ" ಎಂದಳು ಶೇಷಮ್ಮ. "ನಾ ಹಂಗೆಲ್ಲ ಹೇಳಿದೋಳಲ್ಲ. ನಂಗೆ ಅಷ್ಟೆಲ್ಲ ಬರದೂ ಇಲ್ಲ. ಓದಿದೋರು, ಚಂದ ಕಟ್ಟಿ ಹೇಳ್ತಾರೆ."

ಮೇಘನಾ ಅವಳ ಮುಖ ನೋಡಿದಳು. ಸಿಟ್ಟಿನಿಂದಲ್ಲ. ದಾರಿಯಲ್ಲಿ ಗುರುತಿನವರೆಂದು ಮಾತಾಡಿಸಿ, ಅಲ್ಲವೆಂದು ತಿಳಿದಾಗ ನೋಡುವ ಹಾಗೆ ನೋಡಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ಕುಳಿತಳು. ಹೆಂಗಸರಲ್ಲಿ ಯಾರೋ "ಸುಳ್ಳು ಹುಟ್ಸಿ ಹೇಳಿದ್ಲಲ್ಲ, ಎಂಥಾ ಹುಡುಗಿ" ಎಂದದ್ದು ಎಲ್ಲರಿಗೂ ಕೇಳಿಸಿತು.

ಕೈ ಎತ್ತಿಸಿದರು. ಬೇಡ ಎನ್ನುವ ಕೈಗಳೇ ಹೆಚ್ಚಾದವು. ಮಲ್ಲಿಕಾರ್ಜುನಪ್ಪ, "ಆಯ್ತು, ತಿರಸ್ಕಾರ ಅಂತ ಬರಕೊಳ್ರಿ. ಅರ್ಜಿ ಪೂರ್ತಿ ಓದಿ ನಡಾವಳಿ ಪುಸ್ತಕಕ್ಕೆ ಹತ್ತಿಸ್ರಿ, ನಾಳೆ ತಕರಾರು ಬ್ಯಾಡ" ಎಂದರು.

ಹೇಮಂತ್ ಕಾಗದ ಬಿಡಿಸಿ ಬೇಗ ಬೇಗ ಓದಿದ. ಕೋಣೆಯ ಅಳತೆ, ಹೆಂಚಿನ ಖರ್ಚು, ಕಲಿಯುವ ಹದಿನಾಲ್ಕು ಹುಡುಗಿಯರ ಪಟ್ಟಿ. ಕೊನೆಗೆ, "ಕಲಿಸುವವರು: ಶೇಷಮ್ಮ ಕೋಂ ಸಣ್ಣಪ್ಪ, ಮೂವತ್ತೊಂದು ವರ್ಷದ ಅನುಭವ. ಈ ಸುತ್ತಿನಲ್ಲಿ ಇವರಷ್ಟು ತಿಳಿದವರು ಬೇರೆ ಇಲ್ಲ. ನಾನು ಇವರ ಶಿಷ್ಯೆ" ಎಂದು ಓದಿದ. ಓದಿ ಮುಗಿಸಿದ ಮೇಲೆಯೇ ಅವನಿಗೂ ತಾನು ಓದಿದ್ದು ಏನೆಂದು ತಿಳಿದದ್ದು.

ಶೇಷಮ್ಮ ಮತ್ತೆ ಎದ್ದಳು.

"ಹೇಳಿದ್ದೆ" ಎಂದಳು. "ಅಧ್ಯಕ್ಷರೆ, ಆ ಮಾತು ನಾನೇ ಹೇಳಿದ್ದೆ. ಗದ್ದೆ ಅಂಚಲ್ಲಿ ನಿಂತು ಹೇಳಿದ್ದೆ. ಅವ್ಳು ಹೇಳಿದ್ದು ಸತ್ಯ. ಹೊಟ್ಟೆಕಿಚ್ಚಿಗೆ ಇಲ್ಲ ಅಂದೆ."

ಜೀವಮಾನದಲ್ಲಿ ಅವಳು ಹತ್ತು ಜನರ ಮುಂದೆ ಹೇಳಿದ ಅತಿ ಕಷ್ಟದ ಮಾತು ಅದು. ಆದರೆ ಹೇಳಿದ ಹೊತ್ತು ಕೆಟ್ಟದ್ದು. ಮಲ್ಲಿಕಾರ್ಜುನಪ್ಪ ಮುಗುಳ್ನಕ್ಕು, "ಗೌರವಧನ ಯಾರಿಗೆ ಅಂತ ಗೊತ್ತಾದ ಮೇಲೆ ನೆನಪಾಯ್ತಾ ಅಕ್ಕಾ?" ಎಂದರು. ಯಾರೋ ಕಿಸಕ್ಕೆಂದರು, ಅದು ಸಾಲಿನಿಂದ ಸಾಲಿಗೆ ಹಬ್ಬಿತು.

"ಇಲ್ಲ, ಖರೇ ಹೇಳಿದ್ದೆ. ಬೇಕಾರೆ ನನ್ನ ಹೆಸರು ಹೊಡೆದ್ಹಾಕಿ. ಅವ್ಳ ಹೆಸರು ಬರೀರಿ. ಅವ್ಳ ಗೆರೆ ನನಗಿಂತ ಚಲೋ ಇದೆ."

ಇದಕ್ಕೆ ಇನ್ನೂ ಜೋರಾಗಿ ನಕ್ಕರು. ಎಷ್ಟು ಜಾಣೆ ನೋಡು ಎಂದರು.

ಶೇಷಮ್ಮ ಗೋಡೆಯ ಕಡೆ ತಿರುಗಿ ಮೇಘನಾಳನ್ನು ನೋಡಿದಳು. ತಾನು ನಿಜ ಹೇಳುತ್ತಿದ್ದೇನೆ ಎಂದು ಆ ಇಡೀ ಸಭೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಅವಳು ಎದ್ದು ಹೌದು ಎಂದರೆ ಸಾಕಿತ್ತು. ಆದರೆ ತಾನೇ ಅವಳ ಮಾತನ್ನು ಸುಳ್ಳು ಮಾಡಿ ಕೂರಿಸಿ ಇನ್ನೂ ಕಾಲು ಗಂಟೆ ಆಗಿರಲಿಲ್ಲ. ಅವಳು ಎದ್ದರೂ ಈಗ ನಂಬುವವರು ಯಾರು? ಮೇಘನಾ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

ಹೇಮಂತ್ ನಡಾವಳಿ ಪುಸ್ತಕವನ್ನು ಶೇಷಮ್ಮನ ಕಡೆ ತಿರುಗಿಸಿದ. ಆಕ್ಷೇಪ ಎತ್ತಿದವರು ಎಂದು ಬರೆದ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲೊಂದು ರುಜು ಹಾಕ್ರಿ ಶೇಷಮ್ಮೋರೆ" ಎಂದು ಪೆನ್ನು ಚಾಚಿದ. ಅವಳು ಹಾಕಿದಳು.